ಫ್ರಾಯ್ಡ್ ಅವರ ‘ಒಂದು ಭ್ರಮೆಯ ಭವಿಷ್ಯ’: ಯಾವ ಕೆಲಸಕ್ಕೆ ಬರುತ್ತದೆ, ಯಾವುದಕ್ಕೆ ಬರುವುದಿಲ್ಲ

ದೇವರ ವಿಷಯದ ಚರ್ಚೆ ಕಾವೇರಿದಾಗ ಒಬ್ಬರಲ್ಲ ಒಬ್ಬರು ಎಸೆಯುವ ಮಾತೊಂದಿದೆ: ‘ನಿಮಗೆ ದೇವರು ಬೇಕು, ಅದಕ್ಕೇ ಇದ್ದಾನೆ ಅಂತೀರಿ.’ ಎದುರಿನವರು ಚುರುಕಾಗಿದ್ದರೆ ಅದನ್ನೇ ತಿರುಗಿಸುತ್ತಾರೆ: ‘ನಿಮಗೆ ದೇವರು ಬೇಡ, ಅದಕ್ಕೇ ಇಲ್ಲ ಅಂತೀರಿ.’ ಅಲ್ಲಿಗೆ ಚರ್ಚೆ ಮುಗಿದು ಜಗಳ ಶುರುವಾಗುತ್ತದೆ. ಈ ಮಾತಿನ ಮೊದಲ ಅರ್ಧಕ್ಕೆ ಶಾಸ್ತ್ರದ ಬಲ ತಂದುಕೊಟ್ಟ ಪುಸ್ತಕ ಮನಸ್ಸಿನಾಳದಲ್ಲಿ ಅಡಗಿದ ಆಸೆ-ಭಯಗಳನ್ನು ಕೆದಕುವ ಮನೋವಿಶ್ಲೇಷಣೆಯನ್ನು ಕಟ್ಟಿದ ಸಿಗ್ಮಂಡ್ ಫ್ರಾಯ್ಡ್ 1927ರಲ್ಲಿ ಜರ್ಮನ್ ಭಾಷೆಯಲ್ಲಿ ಪ್ರಕಟಿಸಿದ ‘ಒಂದು ಭ್ರಮೆಯ ಭವಿಷ್ಯ’. ಮರುವರ್ಷವೇ ಅದು ಇಂಗ್ಲಿಷಿಗೂ ಬಂತು. ಇರುವುದು ಹತ್ತೇ ಪುಟ್ಟ ಅಧ್ಯಾಯ. ಪಟ್ಟಾಗಿ ಕೂತರೆ ಒಂದೇ ದಿನದಲ್ಲಿ ಮುಗಿಯುತ್ತದೆ. ಮನೋವಿಶ್ಲೇಷಣೆಯ ಪರಿಭಾಷೆ ಗೊತ್ತಿಲ್ಲದವರಿಗೂ ಮುಕ್ಕಾಲು ಪಾಲು ಸಲೀಸಾಗಿ ಅರ್ಥವಾಗುತ್ತದೆ.

ತೀರ್ಪನ್ನು ಮೊದಲೇ ಹೇಳಿಬಿಡುವುದು ವಾಸಿ. ನಂಬುವವನ ಮನಸ್ಸು ಹೇಗೆ ಕೆಲಸ ಮಾಡುತ್ತದೆ ಎಂದು ನೋಡಲು ಇದು ಒಳ್ಳೆಯ ಸಾಧನ. ದೇವರಿದ್ದಾನೋ ಇಲ್ಲವೋ ಎಂದು ತೀರ್ಮಾನಿಸಲು ಇದು ಸಾಧನವೇ ಅಲ್ಲ, ಮತ್ತು ಹಾಗೆಂದು ಲೇಖಕರೇ ಒಳಗೆ ಬರೆದಿದ್ದಾರೆ. ಕೊಂಡವರಲ್ಲಿ ಹೆಚ್ಚಿನವರು ಎರಡನೆಯ ಕೆಲಸಕ್ಕೇ ಇದನ್ನು ಹಿಡಿಯುತ್ತಾರೆ; ತೊಂದರೆಯೆಲ್ಲ ಅಲ್ಲಿಂದಲೇ ಶುರು.

ಪುಸ್ತಕದ ಎದೆ ಇರುವುದು ಆರನೆಯ ಅಧ್ಯಾಯದಲ್ಲಿ. ಮೊದಲ ಸಲ ಓದುವವರು ನೇರವಾಗಿ ಅಲ್ಲಿಗೇ ಹೋಗಬಹುದು. ಅಲ್ಲಿ ಫ್ರಾಯ್ಡ್ ಮೂರು ಸಂಗತಿಗಳನ್ನು ಬೇರೆಬೇರೆ ಇಡುತ್ತಾರೆ: ತಪ್ಪು, ಭ್ರಮೆ, ಹುಚ್ಚು ಕಲ್ಪನೆ. ಕಸದಿಂದ ಹುಳಹುಪ್ಪಟೆ ತಾನಾಗಿ ಹುಟ್ಟುತ್ತವೆ ಎಂದು ಅರಿಸ್ಟಾಟಲ್ ನಂಬಿದ್ದು ಬರೀ ತಪ್ಪು. ಅದು ಹಾಗೇ ಇರಲಿ ಎಂಬ ಆಸೆ ಅದರ ಹಿಂದೆ ಇರಲಿಲ್ಲ. ಇಂಡೀಸ್‌ಗೆ ಹೊಸ ಸಮುದ್ರಮಾರ್ಗ ಸಿಕ್ಕಿತು ಎಂದು ಕೊಲಂಬಸ್ ನಂಬಿದ್ದು ಭ್ರಮೆ. ಏಕೆಂದರೆ ಅದನ್ನು ಹೊತ್ತು ತಂದದ್ದೇ ಆಸೆ. ಹುಚ್ಚು ಕಲ್ಪನೆಯಾದರೋ ಇದ್ದ ವಾಸ್ತವಕ್ಕೆ ಎದುರಾಗಿಯೇ ನಿಲ್ಲುತ್ತದೆ. ಇನ್ನು ಭ್ರಮೆ ಸುಳ್ಳೇ ಆಗಿರಬೇಕೆಂದೇನಿಲ್ಲ. ರಾಜಕುಮಾರನೊಬ್ಬ ಬಂದು ತನ್ನ ಕೈ ಹಿಡಿಯುತ್ತಾನೆ ಎಂದು ಸಾಧಾರಣ ಮನೆಯ ಹುಡುಗಿ ನಂಬಿದರೆ ಅದು ಭ್ರಮೆ, ಆದರೆ ಎಲ್ಲೋ ಒಂದೆರಡು ಕಡೆ ಹಾಗೆ ಆದದ್ದೂ ಉಂಟು. ಈ ಉದಾಹರಣೆ ಲೇಖಕರದೇ. ಅಂದಮೇಲೆ ‘ಭ್ರಮೆ’ ಎಂಬ ಪಟ್ಟ ನಂಬಿಕೆ ಹುಟ್ಟಿದ ಬಗೆಯನ್ನು ಹೇಳುತ್ತದೆಯೇ ಹೊರತು ಅದು ನಿಜವೋ ಸುಳ್ಳೋ ಎಂಬುದನ್ನಲ್ಲ. ಧರ್ಮದ ಮಾತುಗಳ ಸತ್ಯಾಸತ್ಯ ಈ ವಿಚಾರಣೆಯ ವ್ಯಾಪ್ತಿಗೆ ಬರುವುದಿಲ್ಲ ಎಂದು ಅದೇ ಅಧ್ಯಾಯದಲ್ಲಿ ಸ್ಪಷ್ಟವಾಗಿ ಬರೆದೂ ಇದ್ದಾರೆ. ಚರ್ಚೆಗೆ ಈ ಪುಸ್ತಕ ಹಿಡಿದು ಬರುವವರು ಈ ಒಂದು ಮಾತನ್ನು ಮಾತ್ರ ಯಾಕೋ ನೆನಪಿಟ್ಟುಕೊಳ್ಳುವುದಿಲ್ಲ.

ಹಾಗಾದರೆ ಕುಟುಕು ಎಲ್ಲಿದೆ? ಅದೂ ಆ ಅಧ್ಯಾಯದಲ್ಲೇ ಇದೆ. ಲೋಕವನ್ನು ಸೃಷ್ಟಿಸಿದ, ನಮ್ಮ ಮೇಲೆ ಕರುಣೆಯುಳ್ಳ ಒಬ್ಬ ದೇವರು, ಜಗತ್ತಿಗೊಂದು ನ್ಯಾಯದ ಕಟ್ಟಳೆ, ಸತ್ತಮೇಲೂ ಒಂದು ಬಾಳು, ಇವೆಲ್ಲ ಇದ್ದರೆ ಎಷ್ಟು ಚೆನ್ನ! ಆದರೆ ನಾವು ಏನೇನು ಆಶಿಸುತ್ತೇವೋ ಎಲ್ಲವೂ ಹಾಗೆ ಹಾಗೇ ಇರುವುದು ಗಮನಿಸಬೇಕಾದ ಸಂಗತಿಯಲ್ಲವೇ ಎನ್ನುತ್ತಾರೆ ಫ್ರಾಯ್ಡ್. ಇದು ಪ್ರಮಾಣವಲ್ಲ, ಅನುಮಾನ. ಆದರೆ ಬಲವಾದ ಅನುಮಾನ. ಹೆತ್ತವರಿಗೆ ಹೆಗ್ಗಣ ಮುದ್ದು ಎಂಬುದು ತಿಳಿದಿರುವವರು ಹೆತ್ತವರ ಬಾಯಲ್ಲಿ ಮಗುವಿನ ಹೊಗಳಿಕೆ ಕೇಳಿದಾಗ ಸ್ವಲ್ಪ ಕಡಿಮೆ ಮಾಡಿಕೊಂಡೇ ಕೇಳುತ್ತಾರೆ. ಮಗು ಕುರೂಪಿ ಎಂಬ ತೀರ್ಮಾನಕ್ಕೇನೂ ಬರುವುದಿಲ್ಲ.

ಈ ‘ಕಡಿಮೆ ಮಾಡಿಕೊಂಡು ಕೇಳುವುದು’ ಎಷ್ಟು ಮತ್ತು ಎಲ್ಲಿ ಎಂಬುದೇ ಇಡೀ ವಿಷಯದ ತಿರುಳು. ಒಂದು ನಂಬಿಕೆ ನಿಜವಿದ್ದರೂ ಹುಟ್ಟುತ್ತಿತ್ತು, ಸುಳ್ಳಿದ್ದರೂ ಅಷ್ಟೇ ಸುಲಭವಾಗಿ ಹುಟ್ಟುತ್ತಿತ್ತು ಎಂದಾದರೆ, ಆ ನಂಬಿಕೆ ಜನರಲ್ಲಿ ಇದೆ ಎಂಬ ಸಂಗತಿಯಿಂದ ಏನೂ ಸಾಬೀತಾಗುವುದಿಲ್ಲ. ಆದ್ದರಿಂದ ‘ಇಷ್ಟೊಂದು ಜನ, ಇಷ್ಟೊಂದು ಕಾಲದಿಂದ ನಂಬಿದ್ದಾರೆ, ಎಲ್ಲರೂ ತಪ್ಪೇ?’ ಎಂಬ ವಾದಕ್ಕೆ ಫ್ರಾಯ್ಡ್ ಅವರ ಪೆಟ್ಟು ಸರಿಯಾಗಿಯೇ ಬೀಳುತ್ತದೆ. ‘ನನ್ನ ಮನಸ್ಸಿಗೆ ಹಾಗನ್ನಿಸುತ್ತದೆ’ ಎಂಬುದಕ್ಕೂ ಬೀಳುತ್ತದೆ. ಆದರೆ ‘ಏನೂ ಇಲ್ಲದಿರುವ ಬದಲು ಏನೋ ಒಂದು ಇದೆಯಲ್ಲ, ಯಾಕೆ?’ ಎಂಬ ಪ್ರಶ್ನೆಯಿಂದ ಹೊರಡುವ ವಾದಕ್ಕೆ ಒಂದು ಗೀರೂ ಬೀಳುವುದಿಲ್ಲ. ಅದನ್ನು ಆಸೆಬುರುಕ ಮಂಡಿಸಿದರೂ ನಿರಾಸಕ್ತ ಮಂಡಿಸಿದರೂ ಅದರ ಹೆಜ್ಜೆಗಳು ಅವೇ. ತಪ್ಪಿದ್ದರೆ ಹೆಜ್ಜೆಯಲ್ಲೇ ತೋರಿಸಬೇಕು. ಅತ್ತ ಕಡೆಯೂ ಹಾಗೇ. ಲೋಕದಲ್ಲಿ ಇಷ್ಟು ನೋವಿರುವಾಗ ಕರುಣಾಮಯನಾದ ಸರ್ವಶಕ್ತ ಹೇಗಿರಲು ಸಾಧ್ಯ ಎಂಬ ವಾದವನ್ನು ದೇವರ ಮೇಲೆ ಸಿಟ್ಟಿರುವವನು ಹೇಳಿದ ಎಂಬ ಕಾರಣಕ್ಕೆ ತಳ್ಳಿಹಾಕುವಂತಿಲ್ಲ.

ಮೂರನೆಯ ಅಧ್ಯಾಯ ಆಸೆಯ ಮೂಲ ಹುಡುಕುತ್ತದೆ. ಪ್ರಕೃತಿಯ ಮುಂದೆ ಮನುಷ್ಯ ನಿಸ್ಸಹಾಯಕ. ಎಳೆಗೂಸಾಗಿದ್ದಾಗಲೂ ಹಾಗೇ ಇದ್ದ, ಆಗ ಕಾಯುತ್ತಿದ್ದವನು ಅಪ್ಪ. ಬೆಳೆದ ಮೇಲೆ ಅದೇ ಅಪ್ಪನನ್ನು ಆಕಾಶದಷ್ಟು ದೊಡ್ಡದು ಮಾಡಿಕೊಂಡ. ದೇವರು ಎಂದರೆ ಮನುಷ್ಯ ತನ್ನ ಸ್ವಭಾವವನ್ನೇ ಹೊರಗೆ ಚಾಚಿ ಕಂಡ ರೂಪ ಎಂದು ಜರ್ಮನ್ ದಾರ್ಶನಿಕ ಲುಡ್ವಿಗ್ ಫಾಯರ್‌ಬಾಖ್ 1841ರಲ್ಲೇ ಬರೆದಿದ್ದರು. ಫ್ರಾಯ್ಡ್ ಸೇರಿಸಿದ್ದು ತೊಟ್ಟಿಲು ಮತ್ತು ಅಪ್ಪನನ್ನು. ಬರವಣಿಗೆ ಇಲ್ಲಿ ಸೊಗಸಾಗಿದೆ, ಆದರೆ ಪುಸ್ತಕದ ಮೊದಲ ದೊಡ್ಡ ಬಿರುಕೂ ಇಲ್ಲೇ ಇದೆ.

ಯಾರ ಆಸೆ? ಯಾವ ದೇವರು? ತಾನು ಮಾತಾಡುತ್ತಿರುವುದು ಬಿಳಿಯ ಕ್ರೈಸ್ತ ನಾಗರಿಕತೆಯಲ್ಲಿ ಧರ್ಮ ತಳೆದ ಕೊನೆಯ ರೂಪದ ಬಗ್ಗೆ ಎಂದು ಫ್ರಾಯ್ಡ್ ಅದೇ ಅಧ್ಯಾಯದಲ್ಲಿ ಹೇಳುತ್ತಾರೆ. ಹೇಳಿ, ಮುಂದೆ ಎಲ್ಲ ಧರ್ಮಗಳಿಗೂ ಅದೇ ಲೆಕ್ಕ ಹಚ್ಚುತ್ತಾರೆ. ಜೈನರು, ಬೌದ್ಧರು ಸೃಷ್ಟಿಕರ್ತನಾದ ಅಪ್ಪನನ್ನು ಒಪ್ಪುವುದೇ ಇಲ್ಲ. ವೇದ ಪ್ರಮಾಣವೆನ್ನುವ ಪೂರ್ವಮೀಮಾಂಸಕರು ಕೂಡ ಜಗತ್ತಿಗೆ ಕರ್ತನೊಬ್ಬ ಬೇಕು ಎಂಬುದನ್ನು ತಳ್ಳಿಹಾಕಿದವರು. ಎಷ್ಟೋ ಕಡೆ ಪರದೈವ ತಾಯಿ. ಅದಕ್ಕಿಂತ ಮುಖ್ಯವಾಗಿ, ಸತ್ತಮೇಲೂ ಬದುಕು ಮುಂದುವರಿಯಲಿ ಎಂಬುದು ಎಲ್ಲ ಮನುಷ್ಯರ ಆಸೆ ಎಂದು ಪುಸ್ತಕ ಹಿಡಿದಿದೆ. ಮತ್ತೆ ಮತ್ತೆ ಹುಟ್ಟುವುದೇ ದೊಡ್ಡ ಕಷ್ಟ, ಅದರಿಂದ ಬಿಡುಗಡೆಯೇ ಪರಮ ಗುರಿ ಎಂದ ಪರಂಪರೆಗಳಲ್ಲಿ ಮುಂದುವರಿಕೆ ವರವಲ್ಲ, ಶಿಕ್ಷೆ. ಅಲ್ಲಿ ಯಾವ ಆಸೆ ಪುನರ್ಜನ್ಮದ ನಂಬಿಕೆಯನ್ನು ಹುಟ್ಟಿಸಿತು? ಪುಸ್ತಕದಲ್ಲಿ ಇದಕ್ಕೆ ಉತ್ತರವಿಲ್ಲ.

ಎರಡನೆಯ ಬಿರುಕು ಇನ್ನೂ ಆಳದ್ದು. ನರಕ, ಕಡೆಯ ದಿನದ ವಿಚಾರಣೆ, ಮನಸ್ಸಿನೊಳಗಿನ ಕೆಟ್ಟ ಯೋಚನೆಯನ್ನೂ ಬರೆದಿಟ್ಟುಕೊಳ್ಳುವ ಸಾಕ್ಷಿ, ಇದನ್ನೆಲ್ಲ ಯಾರು ಆಶಿಸುತ್ತಾರೆ? ಫ್ರಾಯ್ಡ್ ಪಕ್ಷದವರ ಉತ್ತರ ಸಿದ್ಧವಾಗಿದೆ: ಅದು ಶತ್ರುವಿಗೆ ಶಿಕ್ಷೆಯಾಗಲಿ ಎಂಬ ಆಸೆ, ನ್ಯಾಯ ಸಿಗಲಿ ಎಂಬ ಆಸೆ, ಅಪ್ಪನ ಭಯವೂ ಅಪ್ಪನ ಮೇಲಿನ ಪ್ರೀತಿಯ ಇನ್ನೊಂದು ಮುಖ. ಇರಬಹುದು. ಆದರೆ ಹಿತವಾದ ದೇವರೂ ಆಸೆ, ಭಯಂಕರ ದೇವರೂ ಆಸೆ ಎಂದಮೇಲೆ ಈ ಸಿದ್ಧಾಂತ ತಪ್ಪು ಎಂದು ತೋರಿಸಬಲ್ಲ ದೇವರು ಯಾವನೂ ಉಳಿಯಲಿಲ್ಲ. ಏನು ಬಂದರೂ ಹೌದು ಎನ್ನುವ ಪರೀಕ್ಷೆ ಏನನ್ನೂ ಅಳೆಯುತ್ತಿಲ್ಲ. ನಂಬಿಕೆಯನ್ನು ಆಸೆಯಷ್ಟೇ ಅಲ್ಲ, ಭಯವೂ ರೂಪಿಸುತ್ತದೆ ಎಂದು ಸೀದಾ ಒಪ್ಪಿಕೊಳ್ಳುವುದು ಲೇಸು. ಹೆಂಡತಿಯ ಮೇಲೆ ಸಂಶಯಪಡುವ ಗಂಡ, ಹಾಗಿರದಿರಲಿ ಎಂದು ಪ್ರಾಣಬಿಟ್ಟು ಬೇಡುತ್ತಲೇ, ಸಾಕ್ಷಿಯಿಲ್ಲದೆ ಹಾಗೇ ಎಂದು ನಂಬಿಬಿಡುತ್ತಾನೆ. ದಾರ್ಶನಿಕ ಆಲ್‌ಫ್ರೆಡ್ ಮೀಲಿ ಇದನ್ನು ಆತ್ಮವಂಚನೆಯ ತಿರುಚಿದ ಬಗೆ ಎಂದು ಬೇರೆಯಾಗಿಯೇ ವಿಂಗಡಿಸಿದ್ದಾರೆ. ದೇವರ ವಿಷಯದಲ್ಲಿ ಈ ಬಗೆ ಅಪರೂಪವೇನಲ್ಲ.

ಐದನೆಯ ಅಧ್ಯಾಯ ಓದಲು ಮಜವಾಗಿದೆ. ‘ಯಾಕೆ ನಂಬಬೇಕು?’ ಎಂದು ಕೇಳಿದರೆ ಸಿಗುವ ಮೂರು ಉತ್ತರಗಳನ್ನು ಫ್ರಾಯ್ಡ್ ಜೋಡಿಸುತ್ತಾರೆ: ನಮ್ಮ ಹಿರಿಯರು ನಂಬಿದ್ದರು, ಆ ಕಾಲದಿಂದಲೇ ಬಂದ ಪುರಾವೆಗಳಿವೆ, ಮತ್ತು ಆ ಪ್ರಶ್ನೆಯನ್ನೇ ಕೇಳಬಾರದು. ಮೂರನೆಯದು ಮೊದಲೆರಡರ ಮೇಲೂ ಅನುಮಾನ ಹುಟ್ಟಿಸುತ್ತದೆ ಎನ್ನುವಾಗ ಅವರ ಕೈ ಪಳಗಿದ್ದು. ಕಾನ್‌ಸ್ಟೆನ್ಸ್ ಎಂಬ ಊರು ಸರೋವರದ ದಡದಲ್ಲಿದೆ ಎಂದು ಶಾಲೆಯಲ್ಲಿ ಹೇಳಿದರೆ, ನಂಬದವನು ಹೋಗಿ ನೋಡಬಹುದು. ಭೂಗೋಳದ ಪಾಠ ಕಣ್ಣಿಗೆ ಕಾಣುವ ದಾರಿಯನ್ನು ತೆರೆದೇ ಇಡುತ್ತದೆ ಎಂಬುದು ಅವರ ಹೋಲಿಕೆ. ಈ ಅಧ್ಯಾಯದ ಟೀಕೆ ನ್ಯಾಯವಾದದ್ದು, ಆದರೆ ಇದು ಆಸೆಯ ವಾದವಲ್ಲ ಎಂಬುದನ್ನು ಗಮನಿಸಬೇಕು. ಇದು ಸಾಕ್ಷಿಯ ಗುಣಮಟ್ಟದ ಬಗೆಗಿನ ವಾದ. ಆರನೆಯ ಅಧ್ಯಾಯವನ್ನು ಹರಿದು ಹಾಕಿದರೂ ಇದು ನಿಲ್ಲುತ್ತದೆ. ಪುಸ್ತಕದ ಬಲವೆಂದು ಓದುಗರಿಗೆ ಅನ್ನಿಸುವುದರಲ್ಲಿ ಅರ್ಧ ಇಲ್ಲಿಂದ ಬಂದದ್ದು, ಆಸೆಯ ಸಿದ್ಧಾಂತದಿಂದಲ್ಲ.

ಏಳು, ಎಂಟು, ಒಂಬತ್ತನ್ನು ಮೊದಲ ಓದಿನಲ್ಲಿ ಬೇಗ ದಾಟಬಹುದು. ಧರ್ಮ ಎಂದರೆ ಇಡೀ ಮನುಕುಲಕ್ಕೆ ಬಂದ ಗೀಳುರೋಗದಂತೆ ಎಂಬ ಪ್ರಸಿದ್ಧ ಮಾತು ಎಂಟರಲ್ಲಿ ಬರುತ್ತದೆ. ಅದು ಹೋಲಿಕೆ, ರೋಗನಿರ್ಣಯವಲ್ಲ. ಏಳರಲ್ಲಿ ಮಾತ್ರ ಒಂದು ಕಡೆ ಗುರುತು ಹಾಕಿಕೊಳ್ಳಬೇಕು. ಮನೋವಿಶ್ಲೇಷಣೆ ಗಣಿತದ ಕಲನಶಾಸ್ತ್ರದ ಹಾಗೆ ಪಕ್ಷವಿಲ್ಲದ ಸಾಧನ, ಧರ್ಮವನ್ನು ಸಮರ್ಥಿಸುವವರೂ ಅಷ್ಟೇ ಹಕ್ಕಿನಿಂದ ಅದನ್ನು ಬಳಸಬಹುದು ಎನ್ನುತ್ತಾರೆ ಫ್ರಾಯ್ಡ್. ಬಾಗಿಲನ್ನು ತಾವೇ ತೆರೆದಿಟ್ಟರು. ಬೇರೆಯವರು ಒಳಗೆ ಬಂದೂಬಿಟ್ಟರು.

ಮೊದಲು ಬಂದವರು ಗೆಳೆಯರೇ. ಸ್ವಿಟ್ಜರ್ಲೆಂಡಿನ ಪಾದ್ರಿ, ಮನೋವಿಶ್ಲೇಷಕ ಓಸ್ಕರ್ ಫಿಸ್ಟರ್ 1928ರಲ್ಲಿ ಫ್ರಾಯ್ಡ್ ಬಳಗದ ಪತ್ರಿಕೆ ‘ಇಮಾಗೊ’ದಲ್ಲೇ ಉತ್ತರ ಬರೆದರು. ಶೀರ್ಷಿಕೆಯನ್ನೇ ತಿರುಗಿಸಿ ‘ಒಂದು ಭವಿಷ್ಯದ ಭ್ರಮೆ’ ಎಂದಿಟ್ಟರು. ವಿಜ್ಞಾನ ಬೆಳೆದಂತೆ ಮನುಷ್ಯ ವಿವೇಕಿಯಾಗುತ್ತಾನೆ ಎಂಬ ಫ್ರಾಯ್ಡ್ ಅವರ ಭರವಸೆಯೂ ಆಸೆಯಿಂದ ಹುಟ್ಟಿದ್ದಲ್ಲವೇ ಎಂಬುದು ಅವರ ಪ್ರಶ್ನೆ. ಹತ್ತನೆಯ ಅಧ್ಯಾಯ ಓದಿದರೆ ಫಿಸ್ಟರ್ ಗುರಿ ತಪ್ಪಲಿಲ್ಲ ಎಂದು ಗೊತ್ತಾಗುತ್ತದೆ. ಬುದ್ಧಿಯ ದನಿ ಮೆಲುವಾದದ್ದು, ಆದರೆ ತನ್ನ ಮಾತು ಕೇಳಿಸುವ ತನಕ ಸುಮ್ಮನಾಗದು ಎಂಬ ಭಾವದ ಮಾತು ಅಲ್ಲಿದೆ. ತಾನೂ ಭ್ರಮೆಯ ಬೆನ್ನು ಹತ್ತಿರಬಹುದು, ಆದರೆ ತನ್ನದು ತಿದ್ದುಪಡಿಗೆ ಒಗ್ಗುವಂಥದ್ದು, ಒಪ್ಪದವರಿಗೆ ದಂಡನೆಯಿಲ್ಲ ಎಂದು ಫ್ರಾಯ್ಡ್ ಅಲ್ಲಿ ವ್ಯತ್ಯಾಸ ತೋರಿಸುತ್ತಾರೆ. ಉತ್ತರ ಗೌರವದ್ದೇ. ಆದರೆ ಆಸೆಯಿಂದ ಹುಟ್ಟಿದ್ದು ಎನ್ನುವುದಷ್ಟೇ ದೂರಲು ಸಾಲದು, ತಿದ್ದಿಕೊಳ್ಳುತ್ತದೆಯೇ ಎಂಬುದೇ ನಿಜವಾದ ಪರೀಕ್ಷೆ ಎಂದು ಒಪ್ಪಿಕೊಂಡ ಹಾಗೂ ಆಯಿತು.

ನಾಸ್ತಿಕತೆಯ ಹಿಂದೆಯೂ ಆಸೆ ಇರಬಹುದೇ? ಪುಸ್ತಕ ಈ ಪ್ರಶ್ನೆಯನ್ನು ಗಂಭೀರವಾಗಿ ಎತ್ತಿಕೊಳ್ಳುವುದೇ ಇಲ್ಲ. ದೊಡ್ಡ ಕೊರತೆ ಇದು. ದೇವರಿಲ್ಲ ಎಂದಾದರೆ ಮೇಲೊಬ್ಬ ಯಜಮಾನನಿಲ್ಲ, ಲೆಕ್ಕ ಕೇಳುವವನಿಲ್ಲ, ಗುಟ್ಟಿಗೆ ಸಾಕ್ಷಿಯಿಲ್ಲ. ಇದನ್ನು ಬೇಡ ಎನ್ನುವವರು ಕಡಿಮೆ. ಅಮೆರಿಕದ ದಾರ್ಶನಿಕ ಥಾಮಸ್ ನೇಗೆಲ್ ಸ್ವತಃ ನಾಸ್ತಿಕರು. ದೇವರಿಲ್ಲ ಎಂದು ನಂಬುವುದಷ್ಟೇ ಅಲ್ಲ, ಇಲ್ಲದಿರಲಿ ಎಂದು ಆಶಿಸುತ್ತೇನೆ, ವಿಶ್ವ ಹಾಗಿರುವುದು ನನಗೆ ಬೇಡ ಎಂದು 1997ರ ಪುಸ್ತಕವೊಂದರಲ್ಲಿ ಬಿಚ್ಚುಮನಸ್ಸಿನಿಂದ ಬರೆದರು. ವಿಶ್ವಕ್ಕೊಬ್ಬ ಒಡೆಯ ಇರುವುದೇ ಹಲವರಿಗೆ ಸಹಿಸಲಾಗದ ಸಂಗತಿ, ಇದು ಅಪರೂಪದ ಮನೋಭಾವವಲ್ಲ ಎಂಬುದು ಅವರ ಊಹೆ. ಪೋಲೆಂಡಿನ ಕವಿ ಚೆಸ್ಲಾವ್ ಮಿವೋಷ್ ಇನ್ನೂ ಚುಚ್ಚಿ ಹೇಳಿದ್ದಾರೆ: ಧರ್ಮ ಜನರ ಅಫೀಮು ಎಂದರು ಮಾರ್ಕ್ಸ್; ಸತ್ತಮೇಲೆ ಏನೂ ಇಲ್ಲ, ನಮ್ಮ ದ್ರೋಹ, ದುರಾಸೆ, ಹೇಡಿತನಗಳಿಗೆ ಯಾರೂ ತೀರ್ಪು ಕೊಡುವುದಿಲ್ಲ ಎಂಬ ಸಮಾಧಾನವೇ ಈಗಿನ ಅಫೀಮು ಎಂಬರ್ಥದಲ್ಲಿ. ಮನೋವಿಜ್ಞಾನಿ ಪಾಲ್ ವಿಟ್ಜ್ ಫ್ರಾಯ್ಡ್ ಕೊಟ್ಟ ಸಾಧನವನ್ನೇ ಎತ್ತಿಕೊಂಡು, ಅಪ್ಪನಿಲ್ಲದ, ಅಥವಾ ಅಪ್ಪನ ಮೇಲೆ ಸಿಟ್ಟಿದ್ದ ಪ್ರಸಿದ್ಧ ನಾಸ್ತಿಕರ ಪಟ್ಟಿ ಮಾಡಿದರು. ಆ ಪಟ್ಟಿ ದುರ್ಬಲವಾದದ್ದು. ಹೆಸರು ಆರಿಸಿಕೊಳ್ಳುವವನ ಕೈಯಲ್ಲಿ ಪಟ್ಟಿ ಹೇಗೂ ಬಾಗುತ್ತದೆ. ಆದರೆ ದೇವರನ್ನು ಅಪ್ಪನಿಂದ ವಿವರಿಸಬಹುದಾದರೆ ನಾಸ್ತಿಕತೆಯನ್ನೂ ಅಪ್ಪನಿಂದ ವಿವರಿಸಬಹುದು ಎಂದು ಅದು ತೋರಿಸಿತು. ಎರಡು ಕಡೆಗೂ ಅಷ್ಟೇ ಸಲೀಸಾಗಿ ಓಡುವ ವಿವರಣೆಯಿಂದ ಯಾವ ಕಡೆಗೂ ಗೆಲುವಿಲ್ಲ.

ಈ ಎರಡೂ ಆಸೆ ಒಬ್ಬರಲ್ಲೇ ಕೂಡಿದ್ದಕ್ಕೆ ಚಾರ್ಲ್ಸ್ ಡಾರ್ವಿನ್ ಅವರ ಆತ್ಮಕಥೆಯ ಒಂದೆರಡು ಪುಟಗಳಿಗಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. 1876ರಲ್ಲಿ ಬರೆದದ್ದು. ನಂಬಿಕೆಯನ್ನು ಬಿಡಲು ತನಗೆ ಮನಸ್ಸೇ ಇರಲಿಲ್ಲ ಎನ್ನುತ್ತಾರೆ. ಜ್ವಾಲಾಮುಖಿಯ ಬೂದಿಯಲ್ಲಿ ಹೂತುಹೋದ ರೋಮನ್ ಊರು ಪಾಂಪೆಯಲ್ಲೋ ಬೇರೆಲ್ಲೋ ಅಗೆದಾಗ ಹಳೆಯ ರೋಮನ್ ಗಣ್ಯರ ಪತ್ರಗಳು, ಹಸ್ತಪ್ರತಿಗಳು ಸಿಕ್ಕಿ, ಯೇಸುವಿನ ಬದುಕನ್ನು ಹೇಳುವ ಸುವಾರ್ತೆಗಳಲ್ಲಿ ಬರೆದದ್ದೆಲ್ಲ ನಿಜವೆಂದು ಸಾಬೀತಾದ ಹಾಗೆ ಮತ್ತೆ ಮತ್ತೆ ಹಗಲುಗನಸು ಕಾಣುತ್ತಿದ್ದರಂತೆ. ಆದರೆ ಕಲ್ಪನೆಗೆ ಎಷ್ಟೇ ಸಡಿಲ ಬಿಟ್ಟರೂ ತನ್ನನ್ನು ಒಪ್ಪಿಸಬಲ್ಲಂಥ ಸಾಕ್ಷಿಯನ್ನು ಊಹಿಸುವುದು ದಿನೇದಿನೇ ಕಷ್ಟವಾಯಿತು. ಅಪನಂಬಿಕೆ ಬಹಳ ನಿಧಾನವಾಗಿ ಆವರಿಸಿತು. ಆಸೆ ಒಂದು ದಿಕ್ಕಿಗೆ, ನಂಬಿಕೆ ಇನ್ನೊಂದು ದಿಕ್ಕಿಗೆ. ಅದರ ಬೆನ್ನಿಗೇ ಇನ್ನೊಂದು ಮಾತು ಬರುತ್ತದೆ: ನಂಬದವರಿಗೆಲ್ಲ ಕೊನೆಯಿಲ್ಲದ ಶಿಕ್ಷೆ ಎನ್ನುವ ಈ ಮತ ನಿಜವಾಗಿರಲಿ ಎಂದು ಯಾರಾದರೂ ಹೇಗೆ ಆಶಿಸಬೇಕು, ಹಾಗಾದರೆ ನನ್ನ ತಂದೆ, ಅಣ್ಣ, ಆಪ್ತ ಗೆಳೆಯರೆಲ್ಲ ಆ ಶಿಕ್ಷೆಗೇ ಗುರಿಯಲ್ಲವೇ ಎಂದು. ಇಲ್ಲಿ ಆಸೆ ಅಪನಂಬಿಕೆಯ ಕಡೆಗಿದೆ. ಎರಡರಲ್ಲಿ ಯಾವುದು ಕೆಲಸ ಮಾಡಿತು? ಬರೆದವರಿಗೇ ಬೇರ್ಪಡಿಸಲು ಆಗದ್ದನ್ನು ಹೊರಗಿನವರು ಒಂದು ಸಾಲಿನಲ್ಲಿ ಹೇಳಿಬಿಡುತ್ತಾರೆ. (1887ರಲ್ಲಿ ಮಗ ಅಚ್ಚು ಹಾಕಿಸಿದ ಆವೃತ್ತಿಯಲ್ಲಿ ಈ ಶಿಕ್ಷೆಯ ಮಾತಿಲ್ಲ, 1958ರಲ್ಲಿ ಮೊಮ್ಮಗಳು ನೋರಾ ಬಾರ್ಲೋ ಸಂಪಾದಿಸಿದ ಪೂರ್ಣಪಾಠವನ್ನೇ ಓದಬೇಕು.)

ಆಸೆ ನಂಬಿಕೆಯನ್ನು ಹೇಗೆ ತಿದ್ದುತ್ತದೆ ಎಂಬ ಯಾಂತ್ರಿಕ ವಿವರ ಫ್ರಾಯ್ಡ್ ಅವರಲ್ಲಿ ತೆಳು. ಅವರ ಕಾಲಕ್ಕೆ ಪ್ರಯೋಗಗಳಿರಲಿಲ್ಲ, ಆದ್ದರಿಂದ ಅವರನ್ನು ದೂರಬೇಕಿಲ್ಲ. ಆದರೆ ಇಂದು ಓದುವವರು ಪಕ್ಕದಲ್ಲೇ ಎರಡು ಸಂಗತಿ ಇಟ್ಟುಕೊಳ್ಳಬೇಕು. ಒಂದು, ಮನೋವಿಜ್ಞಾನಿ ಝೀವಾ ಕುಂಡಾ 1990ರಲ್ಲಿ ಕ್ರೋಡೀಕರಿಸಿದ ತಿಳಿವಳಿಕೆ: ಬೇಕಾದದ್ದನ್ನೆಲ್ಲ ನಾವು ನಂಬಲಾರೆವು, ಬೇರೆಯವರ ಮುಂದೆ ಇಡಬಹುದಾದಂಥ ಕಾರಣ ಜೋಡಿಸಲು ಸಾಧ್ಯವಾದಷ್ಟನ್ನು ಮಾತ್ರ ನಂಬುತ್ತೇವೆ. ಆಸೆ ನಂಬಿಕೆಯನ್ನು ನೇರವಾಗಿ ಹೆರುವುದಿಲ್ಲ. ಯಾವ ನೆನಪನ್ನು ಹೆಕ್ಕಬೇಕು, ಯಾವ ಪುರಾವೆಯನ್ನು ಕೆದಕಬೇಕು ಎಂಬಲ್ಲಿ ಕೈ ಆಡಿಸುತ್ತದೆ.

ಇನ್ನೊಂದು, ಮನೋವಿಜ್ಞಾನಿಗಳಾದ ಪೀಟರ್ ಡಿಟ್ಟೊ ಮತ್ತು ಡೇವಿಡ್ ಲೋಪೆಜ್ 1992ರಲ್ಲಿ ಪ್ರಕಟಿಸಿದ ಪ್ರಯೋಗ. ವಿದ್ಯಾರ್ಥಿಗಳಿಗೆ ಇಲ್ಲದ ಒಂದು ಕಿಣ್ವದ ಹೆಸರು ಹೇಳಿ, ಎಂಜಲಿನಲ್ಲಿ ಕಾಗದದ ಪಟ್ಟಿ ಅದ್ದಿ ನೋಡಿಕೊಳ್ಳಿ ಎಂದರು. ಬಣ್ಣ ಬದಲಾದರೆ ಕಿಣ್ವದ ಕೊರತೆಯಿಲ್ಲ ಎಂದು ಕೆಲವರಿಗೆ, ಬದಲಾದರೆ ಕೊರತೆಯಿದೆ ಎಂದು ಉಳಿದವರಿಗೆ ಹೇಳಿದ್ದರು. ಕಾಗದ ಬರೀ ಕಾಗದ. ಅದರ ಬಣ್ಣ ಏನೇ ಮಾಡಿದರೂ ಬದಲಾಗದು. ಬದಲಾಗದಿದ್ದರೆ ಆರೋಗ್ಯ ಎಂದುಕೊಂಡವರು ಬೇಗ ‘ಮುಗಿಯಿತು’ ಎಂದು ಕಾಗದವನ್ನು ಲಕೋಟೆಗೆ ಹಾಕಿಟ್ಟರು. ಬದಲಾಗದಿದ್ದರೆ ಕಾಯಿಲೆ ಎಂದುಕೊಂಡವರು ಇನ್ನೂ ಕಾದರು, ಮತ್ತೆ ಅದ್ದಿ ನೋಡಿದರು. ಯಾರೂ ಸುಳ್ಳು ಹೇಳಲಿಲ್ಲ, ಯಾರೂ ಕಣ್ಣು ಮುಚ್ಚಿಕೊಳ್ಳಲಿಲ್ಲ. ಹುಡುಕಾಟವನ್ನು ಯಾವಾಗ ನಿಲ್ಲಿಸಿದರು ಎಂಬುದರಲ್ಲಷ್ಟೇ ಆಸೆಯ ಬೆರಳಚ್ಚು ಇತ್ತು. ದೇವರ ವಿಷಯಕ್ಕೆ ಇದನ್ನು ಒಗ್ಗಿಸಿದರೆ ಫ್ರಾಯ್ಡ್ ಕೊಡದ ಸೂಕ್ಷ್ಮ ಅಳತೆಯೊಂದು ಕೈಗೆ ಸಿಗುತ್ತದೆ.

ಸಾವಿನ ಭಯದ ಬಗ್ಗೆಯೂ ಒಂದು ಮಾತು. ಸಾವನ್ನು ನೆನಪಿಸಿದರೆ ಎಲ್ಲರೂ ದೇವರ ಕಡೆ ವಾಲುತ್ತಾರೆ ಎಂಬುದು ಸಾಮಾನ್ಯ ತಿಳಿವಳಿಕೆ. ಮನೋವಿಜ್ಞಾನಿ ಜೋನಥನ್ ಜಾಂಗ್ ಮತ್ತು ಸಂಗಡಿಗರು 2012ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಸಾವಿನ ಬಗ್ಗೆ ಯೋಚಿಸಿದ ಮೇಲೆ ನೇರವಾಗಿ ಕೇಳಿದರೆ ಆಸ್ತಿಕರ ನಂಬಿಕೆ ಗಟ್ಟಿಯಾಯಿತು, ನಾಸ್ತಿಕರ ಅಪನಂಬಿಕೆಯೂ ಗಟ್ಟಿಯಾಯಿತು. ಉತ್ತರ ಕೊಡಲು ಹಿಡಿದ ಹೊತ್ತಿನಂಥ ಪರೋಕ್ಷ ಅಳತೆಯಲ್ಲಿ ಮಾತ್ರ ನಾಸ್ತಿಕರು ಕೊಂಚ ತಡವರಿಸಿದರು. ಅಂದರೆ ಭಯ ಬಂದಾಗ ಮನುಷ್ಯ ಮೊದಲು ಹಿಡಿದುಕೊಳ್ಳುವುದು ತನ್ನ ಪಕ್ಷವನ್ನು. ಅಡಿಯಲ್ಲಿ ಇನ್ನೇನೋ ಅಲುಗಾಡುತ್ತಿದ್ದರೂ.

ಈ ಪುಸ್ತಕವನ್ನು ಸರಿಯಾಗಿ ಬಳಸುವ ದಾರಿ ಹೀಗಿದೆ. ಇನ್ನೊಬ್ಬರ ಮೇಲೆ ಹಿಡಿಯಬೇಡಿ. ಅವರ ಮನಸ್ಸಿನ ಆಸೆ ನಿಮಗೆ ಕಾಣುವುದಿಲ್ಲ, ಊಹಿಸಿದ್ದು ಅವರಿಗೆ ಅವಮಾನವಾಗಿ ಕೇಳಿಸುತ್ತದೆ, ಮಾತು ಅಲ್ಲೇ ಸಾಯುತ್ತದೆ. ನಿಮ್ಮ ಮೇಲೇ ಹಿಡಿಯುವುದಾದರೆ ಮೊದಲು ಒಂದು ಹಾಳೆಯಲ್ಲಿ, ನೀವು ನಂಬಿದ್ದಕ್ಕೆ ತದ್ವಿರುದ್ಧವಾದದ್ದು ನಾಳೆ ಬೆಳಿಗ್ಗೆ ನಿಜವೆಂದು ಗೊತ್ತಾದರೆ ಏನೇನು ಕಳೆದುಕೊಳ್ಳುತ್ತೀರಿ ಎಂದು ಬರೆಯಿರಿ. ‘ಮನಶ್ಶಾಂತಿ’ ಎಂದು ಒಂದೇ ಪದ ಗೀಚಿ ಎದ್ದರೆ ಕೆಲಸ ಆಗದು. ಮನೆಯವರ ಮುಂದೆ ಮುಖ, ಗೆಳೆಯರ ಬಳಗ, ಸತ್ತವರನ್ನು ಮತ್ತೆ ಕಾಣುವ ಭರವಸೆ, ಬುದ್ಧಿವಂತ ಎಂಬ ಹೆಸರು, ಒಂದು ಹಳೆಯ ಸಿಟ್ಟು, ಹೀಗೆ ಬಿಡಿಸಿ ಬಿಡಿಸಿ ಬರೆಯಬೇಕು. ಆಸ್ತಿಕರ ಹಾಳೆ ತುಂಬುತ್ತದೆ ಎಂದು ಎಲ್ಲರೂ ಎಣಿಸುತ್ತಾರೆ. ಪ್ರಾಮಾಣಿಕವಾಗಿ ಬರೆದರೆ ನಾಸ್ತಿಕರದೂ ಖಾಲಿ ಉಳಿಯುವುದಿಲ್ಲ.

ಆಮೇಲೆ ನಿಮ್ಮ ಕಾರಣಗಳನ್ನು ಒಂದೊಂದಾಗಿ ತೆಗೆದುಕೊಂಡು, ಪ್ರತಿಯೊಂದಕ್ಕೂ ಹುಡುಕಾಟ ಎಲ್ಲಿ ನಿಲ್ಲಿಸಿದಿರಿ ನೋಡಿ. ನಿಮ್ಮ ಕಡೆಯ ವಾದಕ್ಕೆ ಬಂದ ಬಲವಾದ ಆಕ್ಷೇಪವನ್ನು ಅದನ್ನು ಎತ್ತಿದವರ ಬರಹದಲ್ಲೇ ಓದಿದ್ದೀರಾ, ಅಥವಾ ಅದನ್ನು ಖಂಡಿಸಿದವರ ಬರಹದಲ್ಲಿ ಮಾತ್ರವೇ? ಮೆಚ್ಚಿದ ಮಾತಿಗೆ ‘ನಂಬಬಹುದಲ್ಲ’ ಎಂದು ಕೇಳಿ, ಮೆಚ್ಚದ ಮಾತಿಗೆ ‘ನಂಬಲೇಬೇಕಾ’ ಎಂದು ಕೇಳುತ್ತಿದ್ದೀರಾ? ಈ ಎರಡು ಪ್ರಶ್ನೆಗಳ ನಡುವಿನ ಅಂತರವೇ ಆಸೆಯ ಅಳತೆ. ಹೀಗೆ ಸಿಕ್ಕಿಬಿದ್ದ ಕಾರಣಗಳನ್ನು ಹರಿದುಹಾಕಬೇಕಿಲ್ಲ. ಮತ್ತೆ ಅದ್ದಿ ನೋಡಬೇಕು, ಅಷ್ಟೇ.

ಇಲ್ಲಿ ಸಾಮಾನ್ಯವಾಗಿ ಆಗುವ ಎಡವಟ್ಟೆಂದರೆ ಅತಿಯಾಗಿ ತಿದ್ದಿಕೊಳ್ಳುವುದು. ‘ನನಗೆ ಇದು ಬೇಕು ಅನ್ನಿಸುತ್ತಿದೆ, ಆದ್ದರಿಂದ ಸುಳ್ಳೇ ಇರಬೇಕು’ ಎಂಬ ತೀರ್ಮಾನ. ಕಹಿಯಾದದ್ದೇ ಸತ್ಯ ಎಂದು ಹಿಡಿಯುವುದು ಪ್ರಾಮಾಣಿಕತೆಯಂತೆ ಕಾಣುತ್ತದೆ, ಆದರೆ ಅದೂ ಆಸೆಯೇ: ತಾನು ಧೈರ್ಯಶಾಲಿ, ಮೋಸ ಹೋಗುವವನಲ್ಲ ಎಂದು ತನ್ನನ್ನು ತಾನು ಕಾಣುವ ಆಸೆ. ಫ್ರಾಯ್ಡ್ ಅವರ ಗದ್ಯದಲ್ಲಿ ಈ ಗತ್ತು ಅಲ್ಲಲ್ಲಿ ಇಣುಕುತ್ತದೆ, ಒಂಬತ್ತನೆಯ ಅಧ್ಯಾಯದಲ್ಲಿ ವಿಶೇಷವಾಗಿ. ಮನುಷ್ಯ ಎಂದೆಂದಿಗೂ ಮಗುವಾಗಿಯೇ ಇರಲಾಗದು, ಹೊರಲೋಕಕ್ಕೆ ಕಾಲಿಡಲೇಬೇಕು ಎನ್ನುವ ಜಾಗದಲ್ಲಿ. ಕೇಳಲು ಹುರುಪು ತರುತ್ತದೆ. ವಾದವಾಗಿ ಅದರಲ್ಲಿ ಏನೂ ಇಲ್ಲ.

ಪುಸ್ತಕ ಒಂದರಿಂದಲೇ ತೃಪ್ತಿಯಾಗದವರು ಅದರ ಮುಂದುವರಿಕೆಯನ್ನೂ ನೋಡಬೇಕು. ಫ್ರಾನ್ಸಿನ ಲೇಖಕ ರೊಮೆ ರೋಲಾ ಈ ಪುಸ್ತಕ ಓದಿ 1927ರ ಡಿಸೆಂಬರಿನಲ್ಲಿ ಫ್ರಾಯ್ಡ್ ಅವರಿಗೆ ಕಾಗದ ಬರೆದರು: ಮತಗಳ ಬಗೆಗಿನ ಮಾತು ಒಪ್ಪಿದೆ, ಆದರೆ ಧಾರ್ಮಿಕತೆಯ ನಿಜವಾದ ಒರತೆಯಾದ, ಕಡಲಿನಂತೆ ಎಲ್ಲೆಯಿಲ್ಲದ್ದರ ಅನುಭವವನ್ನೇ ನೀವು ಬಿಟ್ಟಿದ್ದೀರಿ ಎಂದು. ಮುಂದೆ ರಾಮಕೃಷ್ಣ, ವಿವೇಕಾನಂದರ ಜೀವನಚರಿತ್ರೆ ಬರೆದವರೂ ಇದೇ ರೋಲಾ. ಅಂಥ ಅನುಭವ ತನ್ನೊಳಗೆ ಹುಡುಕಿದರೂ ಕಾಣಲಿಲ್ಲ ಎಂದು 1930ರ ಪುಸ್ತಕದ ಮೊದಲ ಅಧ್ಯಾಯದಲ್ಲಿ ಫ್ರಾಯ್ಡ್ ಉತ್ತರಿಸಿದರು. ಈ ಆಕ್ಷೇಪ ಆಸೆಯ ಸಿದ್ಧಾಂತವನ್ನು ನಿಜವಾಗಿ ಕಾಡುವಂಥದ್ದು, ಏಕೆಂದರೆ ಅನುಭವ ಎನ್ನುವುದು ಆಸೆ ಈಡೇರಿದ ಬಗೆಯಲ್ಲ. ಎಷ್ಟೋ ಸಲ ಬೇಡದೆಯೇ ಬರುತ್ತದೆ. ಬಂದದ್ದಕ್ಕೆ ಏನು ಅರ್ಥ ಹಚ್ಚುತ್ತೇವೆ ಎನ್ನುವಲ್ಲಿ ಆಸೆ ಮತ್ತೆ ನುಸುಳಬಹುದು, ಆದರೆ ಅದು ಬೇರೆ ಲೆಕ್ಕ. 1935ರ ಹೊತ್ತಿಗೆ ಫ್ರಾಯ್ಡ್ ತಾವೇ ಹಿಂತಿರುಗಿ ನೋಡಿ, ಈ ಪುಸ್ತಕದಲ್ಲಿ ಧರ್ಮಕ್ಕೆ ಕೊಟ್ಟ ಬೆಲೆ ಬಹುಪಾಲು ನಕಾರಾತ್ಮಕವಾಗಿತ್ತು, ಧರ್ಮದ ಬಲ ಅದರಲ್ಲಿರುವ ಚಾರಿತ್ರಿಕ ಸತ್ಯದಲ್ಲಿದೆ ಎಂಬುದು ಅದಕ್ಕೆ ಹೆಚ್ಚು ನ್ಯಾಯ ಸಲ್ಲಿಸುವ ಸೂತ್ರ ಎಂದು ಬರೆದರು. ತಿದ್ದಿಕೊಳ್ಳುವುದೇ ಪರೀಕ್ಷೆ ಎಂದಿದ್ದವರು ಕೊಂಚವಾದರೂ ತಿದ್ದಿಕೊಂಡರು.

ಕೊಳ್ಳುವವರಿಗೆ ಒಂದೆರಡು ಮಾತು. ಇಂಗ್ಲಿಷಿನಲ್ಲಿ ಓದುವವರಿಗೆ 1928ರ ರಾಬ್ಸನ್-ಸ್ಕಾಟ್ ಅನುವಾದವೂ ಅದನ್ನು ಜೇಮ್ಸ್ ಸ್ಟ್ರೇಚಿ ಪರಿಷ್ಕರಿಸಿದ ಪಾಠವೂ ಇದೆ. ಪರಿಷ್ಕೃತ ಪಾಠವನ್ನೇ ಆರಿಸಿಕೊಳ್ಳಿ. ಫ್ರಾಯ್ಡ್ ಸಮಗ್ರ ಕೃತಿಗಳ 21ನೆಯ ಸಂಪುಟದಲ್ಲಿ ಅದೂ ರೋಲಾಗೆ ಉತ್ತರಿಸಿದ ಪುಸ್ತಕವೂ ಒಟ್ಟಿಗೇ ಇವೆ, ಗ್ರಂಥಾಲಯದಲ್ಲಿ ಸಿಕ್ಕರೆ ಅಷ್ಟು ಸಾಕು. ಓದುವ ಕ್ರಮ ಆರು, ಮೂರು, ಐದು, ಹತ್ತು, ಉಳಿದದ್ದು ಬಿಡುವಾದಾಗ. ದೇವರನ್ನು ನಂಬುವವರು ಇದಾದ ಮೇಲೆ ಡಾರ್ವಿನ್ ಅವರ ಆ ಪುಟಗಳನ್ನೂ, ನಂಬದವರು ನೇಗೆಲ್ ಅವರ ಆ ಮಾತನ್ನೂ ಓದಲಿ. ಅದಲುಬದಲು ಮಾಡಿಕೊಂಡರೆ ಓದು ಹಿತವಾಗಿರುತ್ತದೆ, ಉಪಯೋಗಕ್ಕೆ ಬರುವುದಿಲ್ಲ. ದೇವರಿದ್ದಾನೆಯೇ ಎಂಬ ಪ್ರಶ್ನೆಗೇ ಉತ್ತರ ಬೇಕೆನ್ನುವವರು ಈ ಪುಸ್ತಕಕ್ಕೆ ಹಣ ಹಾಕಬೇಕಿಲ್ಲ. ಅವರಿಗೆ ಬೇಕಾದದ್ದು ವಾದಗಳನ್ನೇ ಹೆಜ್ಜೆಹೆಜ್ಜೆಯಾಗಿ ಪರೀಕ್ಷಿಸುವ ತತ್ವಶಾಸ್ತ್ರದ ಪಠ್ಯ, ಅದರಲ್ಲಿ ಲೇಖಕರ ಅಪ್ಪಂದಿರ ಸುದ್ದಿ ಬರುವುದಿಲ್ಲ.